ಶುಕ್ರವಾರದೊಳಗೆ

ಶುಕ್ರವಾರದೊಳಗೆ ಒಂದನ್ನು ಆರಿಸು, ಎಂದ ಇಂದ್ರೆಕ್,
ಆಫೀಸಿಗೆಲ್ಲ ಒಂದೇ, ಕಾರಣ ಸಮೇತ.
ಆಫೀಸೆಂದರೆ ನಾವು ನಾಲ್ವರು, ಒಂದು ಕಾಫಿ ಯಂತ್ರ,
ಹಾಪ್ಸಲುವಿನ ಹೆಪ್ಪುಗಟ್ಟಿದ ಕೊಲ್ಲಿಗೆ ಮುಖ ಮಾಡಿದ ಕಿಟಕಿ.
ನನ್ನ ಬ್ರೌಸರಿನ ನೆತ್ತಿಯ ಮೇಲೆ
ಇನ್ನೂರ ಹದಿಮೂರು ಟ್ಯಾಬು,
ಒಂದೊಂದೂ ಕಿರುಬೆರಳ ಉಗುರಿನಗಲ,
ಹೆಸರು ಕಾಣದು, ಬರೀ ಬಣ್ಣದ ಚುಕ್ಕೆ.
ಲ್ಯಾಪ್‌ಟಾಪಿನ ಫ್ಯಾನಿಗೆ ಏದುಸಿರು.

ಮೊದಲನೆಯದು ಮಲಗಿಸುವ ಎಕ್ಸ್‌ಟೆನ್ಷನ್.
ಅರ್ಧ ಗಂಟೆ ಮುಟ್ಟದಿದ್ದರೆ ಸಾಕು,
ಪುಟದ ರೆಪ್ಪೆ ಮುಚ್ಚಿಸಿ
ಪಕ್ಕದಲ್ಲೊಂದು ಪುಟ್ಟ ಚಂದ್ರನನ್ನು ಇಡುತ್ತದೆ.
ಫ್ಯಾನು ತಣ್ಣಗಾಯಿತು.
ಎರಡು ವರ್ಷದಲ್ಲಿ ಮೊದಲ ಸಲ ಕೇಳಿಸಿತು
ಆಚೆ ಮೇಜಿನ ಔನೆ ಪೆನ್ಸಿಲು ಕಚ್ಚುವ ಸದ್ದು.
ಹತ್ತಕ್ಕೆ ಎಂಟು, ಎಂದು ಬರೆದುಕೊಂಡೆ.

ಎರಡನೆಯದು ಗುಡಿಸುವುದು.
ಗುಂಡಿ ಒತ್ತಿದರೆ ಎಲ್ಲ ಬಾಚಿ
ದಿನಸಿ ಚೀಟಿಯ ಹಾಗೆ ಪಟ್ಟಿ ಮಾಡಿ ಕೈಗಿಡುತ್ತದೆ.
ಹಗುರವೆನಿಸಿತು, ಸುಳ್ಳೇಕೆ ಹೇಳಲಿ.
ಆದರೆ ಚೀಟಿಯಲ್ಲಿ ಬರೆದದ್ದೆಲ್ಲ ಮನೆಗೆ ಬಂದದ್ದುಂಟೆ?
ಟಾವಿಯ ಪಟ್ಟಿ ಸಾವಿರದ ನಾನೂರು ದಾಟಿದೆ,
ಒಮ್ಮೆಯೂ ಕೆಳಗಿಳಿದು ನೋಡಿದವನಲ್ಲ.
ಆರು.

ನಡುವೆ ಹೊಟ್ಟೆಪಾಡಿನ ಕೆಲಸವೂ ಇತ್ತು.
ವೊರ್ಮ್ಸಿ ದ್ವೀಪದ ಹಡಗಿನ ವೇಳಾಪಟ್ಟಿ:
ಚಿಕ್ಕ ಫೋನುಗಳಲ್ಲಿ ಬುಧವಾರ
ಗುರುವಾರದ ಹೆಗಲೇರಿ ಕೂರುತ್ತಿತ್ತು.
ಅಳತೆ ತೋರುವ ಎಕ್ಸ್‌ಟೆನ್ಷನ್ ಹಾಕಿದೆ,
ಡಬ್ಬಿ ಡಬ್ಬಿಗೂ ಕೆಂಪು ಗೆರೆ, ಅಂಚಿನಲ್ಲಿ ಅಂಕಿ.
ಹದಿನೇಳು ಪಿಕ್ಸೆಲ್ ಹೆಚ್ಚು ಕೊಟ್ಟ ಮಹಾನುಭಾವರು ಯಾರೆಂದು
ಹುಡುಕಿದರೆ, ನಾನೇ.
ಇದಕ್ಕೆ ಅಂಕ ಕೊಡುವುದಿಲ್ಲ. ಇದು ಸ್ಪರ್ಧೆಯಲ್ಲಿಲ್ಲ.

ಮೂರನೆಯದು ವಂಶವೃಕ್ಷ.
ಯಾವ ಪುಟದ ಬಸಿರಿಂದ ಯಾವ ಪುಟ ಬಂತೆಂದು
ಎಡಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೋರುತ್ತದೆ.
ಕಾಲಂ ಸರಿಪಡಿಸುವ ಉಪಾಯದ ತಾಯಿ, ಅಕ್ಷರ ದೊಡ್ಡದು ಮಾಡುವ ಬಗೆ;
ಅದರ ತಾಯಿ, ಹೆಡ್‌ಫೋನುಗಳ ಬೆಲೆ;
ಅಜ್ಜಿ, ಮುತ್ತಜ್ಜಿ, ಹತ್ತುತ್ತ ಹೋದೆ.
ಬುಡದಲ್ಲಿ ಕಳೆದ ಅಕ್ಟೋಬರಿನ ಒಂದು ರಾತ್ರಿ:
ಎಡಗಿವಿಯೊಂದರಲ್ಲೇ ಗುಂಯ್ ಎನ್ನುವುದೇಕೆ.

ಅದೇ ಬುಡದಿಂದ ಒಡೆದ ಇನ್ನೊಂದು ಚಿಗುರು,
ಊರಿನ ಗಾಯಕವೃಂದಕ್ಕೆ ಮರಳಿ ಸೇರುವ ಅರ್ಜಿ.
ಹೆಸರು, ಲೇಲೋ. ಕಂಠ, ಆಲ್ಟೊ.
ಬಿಟ್ಟದ್ದೇಕೆ ಎಂಬ ಚೌಕದಲ್ಲಿ
ಮೂರು ರಾತ್ರಿ ಕೂತು ಬರೆದು, ಅಳಿಸಿ, ಬರೆದು,
ಕಳಿಸದೆ ತೆರೆದಿಟ್ಟ ಎರಡು ಪ್ಯಾರಾ.
ಪಕ್ಕದಲ್ಲೊಬ್ಬ ಚಂದ್ರ.

ಒತ್ತಿದೆ.
ಪುಟ ಎದ್ದಿತು, ಮುಖ ತೊಳೆದುಕೊಂಡು ಬಂದ ಮಗುವಿನ ಹಾಗೆ,
ಏನೂ ನೆನಪಿಲ್ಲದೆ.
ಚೌಕ ಖಾಲಿ. ಕರ್ಸರ್ ಮಿಣುಕುತ್ತಿದೆ.
ಬೈಯಬೇಕೆಂದರೆ ಬೈಗುಳವೂ ತೋಚಲಿಲ್ಲ.
ಆ ಎರಡು ಪ್ಯಾರಾದಲ್ಲಿ ಏನಿತ್ತೆಂದು ನೆನೆದರೆ
ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ;
ವೈದ್ಯರ ಮಾತಿತ್ತು, ಹವೆಯ ಮಾತಿತ್ತು,
ಯಾರದೋ ಮೇಲೆ ಸ್ವಲ್ಪ ದೂರಿತ್ತು.

ಇಂದ್ರೆಕ್‌ಗೆ ಬರೆದೆ: ಮೊದಲನೆಯದೇ ಇರಲಿ.
ಆದರೆ ತುಂಬುತ್ತಿರುವ ಅರ್ಜಿಯನ್ನು ಮಲಗಿಸಬೇಡ ಎಂಬ ಗುರುತು
ಸೆಟ್ಟಿಂಗಿನ ಅಡಿಯಲ್ಲೆಲ್ಲೋ ಇದೆ,
ತಾನಾಗಿ ಬಂದಿರುವುದಿಲ್ಲ, ನಾವೇ ಹಾಕಬೇಕು.
ಎಲ್ಲರಿಗೂ ಹೇಳು. ಔನೆಗೆ ಎರಡು ಸಲ ಹೇಳು.
ಎಂಟನ್ನು ಏಳು ಮಾಡಿದೆ.

ಆಮೇಲೆ ಆ ಚೌಕದಲ್ಲಿ
ಕಿವಿ, ಎಂದಷ್ಟೇ ಬರೆದು
ಕಳಿಸಿ, ಟ್ಯಾಬು ಮುಚ್ಚಿದೆ.

ಇನ್ನೂರ ಹನ್ನೆರಡು.
ಅಷ್ಟರಲ್ಲಿ ಟಾವಿ ಒಂದು ಲಿಂಕು ಕಳಿಸಿದ,
ನಾಲ್ಕನೆಯದೊಂದು ಇದೆಯಂತೆ, ನೋಡಬೇಕಂತೆ.