ನೀಲಿಯಾಗದ ಉಪ್ಪು

ನಾರಿನ್ ಹೊಳೆಯಾಚೆಯ ಶಾಲೆಯಿಂದ
ಮಗಳ ಮಗಳು ಮೇರಿಮ್ ಅಳುತ್ತ ಬಂದಳು.
ಎಲ್ಲರ ಮನೆಯ ಉಪ್ಪೂ ನೀಲಿಯಾಯಿತಂತೆ,
ನಮ್ಮದು ಮಾತ್ರ ಬಿಳುಚಿಕೊಂಡೇ ಕೂತಿತಂತೆ.
ಕಾಗದದ ಪೊಟ್ಟಣದಲ್ಲಿ ಒಂದು ಚಿಟಿಕೆ,
ಅದರ ಮೇಲೆ ಟೀಚರು ಬಿಟ್ಟದ್ದು ಒಂದೇ ಹನಿ.
"ಅಜ್ಜೀ, ನಮ್ಮ ಉಪ್ಪಿಗೆ ಏನೂ ಬರುವುದಿಲ್ಲ."

ನನಗೆ ರೇಗಿತು.
ಕೊಚ್ಕೋರ್ ಗಣಿಯಿಂದ ನನ್ನಪ್ಪ
ಕುದುರೆಯ ಮೇಲೆ ಹೇರಿ ತರುತ್ತಿದ್ದ ಕಲ್ಲುಪ್ಪು ಇದು,
ಹಸಿ ಮಾಂಸದ ಬಣ್ಣದ ಗಟ್ಟಿ,
ಕುಟ್ಟಿದರೆ ಒರಳೇ ಕೊರಗಬೇಕು.
ಇದನ್ನು ತಿಂದೇ ಮೂವರನ್ನು ಹೆತ್ತೆ.
ಮೂವರೆಂದೇ ಲೆಕ್ಕ ಹೇಳುತ್ತೇನೆ,
ನಾಲ್ಕನೆಯದು ಹೆಸರಿಡುವ ಮುಂಚೆಯೇ
ಗುಡ್ಡದ ಪಾಲಾಯಿತು.

ಸಂಜೆ ದಾದಿ ಊಲ್ಕಾನ್ ಬಂದಳು.
ನನ್ನ ಕೊರಳ ಗಂಟನ್ನು ನೋಡದ ಹಾಗೆ ನೋಡಿದಳು.
ಬೊಗೊಕ್ ಎನ್ನುತ್ತೇವೆ ಇದಕ್ಕೆ, ವಸ್ತ್ರದಡಿ ಮುಚ್ಚಿಡುತ್ತೇವೆ.
ಅಮ್ಮನಿಗೂ ಇತ್ತು; ಹವಳದ ಸರ ಇಳಿದು ಬರುವಂತೆ
ಕೊರಳಿಂದ ಕೊರಳಿಗೆ ಬಂತು.

ಸಿರ್ಗಾ ಚಹಾ ಬಗ್ಗಿಸುತ್ತಿದ್ದಳು, ಹಾಲು ಹಾಕಿ, ಉಪ್ಪು ಹಾಕಿ.
ಕಿರಿಯವನ ಹೆಂಡತಿ. ಮದುವೆಯಾಗಿ ನಲವತ್ತು ದಿನ.
"ಇವಳಿಗಾಗಿ ಬಂದೆ," ಅಂದಳು ಊಲ್ಕಾನ್.

"ಹಿಮ ಕರಗಿ ಕರಗಿ ಈ ಬೆಟ್ಟದ ಅಯೋಡಿನ್ನನ್ನೆಲ್ಲ
ತೊಳೆದುಕೊಂಡು ಹೋಗಿದೆ ಅಪಾ,
ನಮ್ಮ ಹೊಳೆ ಹೋಗಿ ಸೇರುತ್ತಿದ್ದ ಕಡಲೂ ಒಣಗಿತು,
ಯಾರನ್ನು ಕೇಳೋಣ?
ಬಸುರಿಗೆ ದಿನಕ್ಕೆ ಬೇಕಾದ್ದು ಉಗುರ ತುದಿಗೂ ಕಾಣದಷ್ಟು.
ಅಷ್ಟರಿಂದಲೇ ಕೂಸಿನ ಮಿದುಳು ತನ್ನ ಮೊದಲ ಎಳೆ ನೂಲಬೇಕು.
ಮೊದಮೊದಲು ಅದಕ್ಕೆ ತನ್ನದೆಂಬ ಕೊರಳಿಲ್ಲ,
ತಾಯ ಕೊರಳಿಂದಲೇ ಕಡ.
ಮುಟ್ಟು ನಿಂತಿತೆಂದು ನೀವು ಬೆರಳು ಮಡಚುವ ಹೊತ್ತಿಗೆ
ಕಡ ಶುರುವಾಗಿರುತ್ತದೆ.
ಆಮೇಲೆ ಅಲ್ಲ. ಈಗ."

ಸಿರ್ಗಾಳ ಕಿವಿ ಕೆಂಪಾಯಿತು.

ಹೊರಗೆ ತೊಕ್ತೋಷ್ ಕುರಿ ಕೂಡುತ್ತಿದ್ದ, ನನ್ನ ನಡುವಿನವ.
ಮೂವತ್ತು ದಾಟಿದ. ಐದರಾಚೆ ಎಣಿಸಲಾರ,
ಆದರೆ ತೊಂಬತ್ತರಲ್ಲೊಂದು ತಪ್ಪಿದರೆ
ಯಾವ ತಾಯಿಯ ಮರಿ ಎಂದು ಅವನಿಗೆ ಗೊತ್ತು.
ಜೋರಾಗಿ ಸಿಳ್ಳೆ ಹಾಕಿದರೆ ಕೇಳುತ್ತದೆ.
ಬಸುರಿನಲ್ಲಿ ನೀನು ಮೊಲ ನೋಡಿದೆ ಎಂದಿದ್ದಳು ಅತ್ತೆ.
ನೋಡಿದ್ದೆ. ಹಿಮದ ಮೇಲೆ, ಬೆಳಗಿನ ಜಾವ, ಎರಡು ಸಲ.

ನಾನು ಶಾಲೆಗೆ ಹೋಗುವಾಗ ವಾರಕ್ಕೊಂದು ಮಾತ್ರೆ ಕೊಡುತ್ತಿದ್ದರು,
ಕೊರಳಿಗೆ ಒಳ್ಳೆಯದೆಂದು. ಕೆಲವು ತಿಂದೆವು,
ಕೆಲವನ್ನು ಡೆಸ್ಕಿನಡಿ ಅಂಟಿಸಿದೆವು.
ಇವನು ಹೊಟ್ಟೆಯಲ್ಲಿದ್ದ ವರ್ಷ ದೇಶ ಒಡೆಯಿತು.
ರೊಟ್ಟಿಯೇ ಇಲ್ಲದಾಗ ಮಾತ್ರೆಯನ್ನು ಯಾರು ನೆನೆದಾರು?

"ಹಾಗಾದರೆ ಇವನು…?" ಎಂದೆ.
ಊಲ್ಕಾನ್ ಬಟ್ಟಲೊಳಗೆ ನೋಡಿದಳು.
"ಹೇಳಲಾರೆ ಅಪಾ. ಅದೇ ಉಪ್ಪು ತಿಂದು ಹುಟ್ಟಿದ ಕಿರಿಯವ
ಲಾರಿ ಓಡಿಸುತ್ತಾನಲ್ಲ."

ರಾತ್ರಿಯಿಡೀ ಮಗ್ಗುಲು ಬದಲಿಸಿದೆ.
ಮೂವತ್ತು ವರ್ಷ ಒಂದು ಮೊಲವನ್ನು ಶಪಿಸಿದ್ದೆ.
ಅದನ್ನು ಬಿಟ್ಟೆ.
ಈಗ ಅಪ್ಪನ ಉಪ್ಪನ್ನು ಹಿಡಿಯಲೇ?

ಬೆಳಗ್ಗೆ ತೊಕ್ತೋಷನೇ ಕುದುರೆ ಹತ್ತಿ ಅಂಗಡಿಗೆ ಹೋದ.
ಎರಡು ಪೊಟ್ಟಣ ಉಪ್ಪು ತಂದ,
ಹೇಳದಿದ್ದರೂ ಮೇರಿಮಳಿಗೆ ಮಿಠಾಯಿ ತಂದ.
ಮುಚ್ಚಳದ ಡಬ್ಬಿಗೆ ಸುರಿದು, ಒಲೆಯಿಂದ ದೂರ ಇಟ್ಟೆ.
ಕಲ್ಲುಪ್ಪನ್ನು ಬೇಲಿಯ ಬಳಿ ಎಸೆದೆ;
ಕುದುರೆಗಳಿಗೆ ಹಬ್ಬ.

ಊಲ್ಕಾನ್ ಸೀಸೆ ಮರೆತು ಹೋಗಿದ್ದಳು, ಅಥವಾ ಬಿಟ್ಟು ಹೋಗಿದ್ದಳು.
ತಟ್ಟೆಯ ಚಿಟಿಕೆಯ ಮೇಲೆ ಒಂದು ಹನಿ ಬಿಟ್ಟು
ಕನ್ನಡಕ ಹಾಕಿಕೊಂಡೆ.
ಮೆಲ್ಲಗೆ ಬಂತು ನೀಲಿ.
ಆಕಾಶದ್ದಲ್ಲ, ಕೆರೆಯದ್ದಲ್ಲ.
ನಮ್ಮ ಕೂಸುಗಳು ಸೊಂಟದ ಕೆಳಗೆ
ಹೊತ್ತೇ ಹುಟ್ಟುವ ಮಚ್ಚೆ ಇರುತ್ತದಲ್ಲ,
ಆ ನೀಲಿ.
ನಾಲ್ಕಕ್ಕೂ ಇತ್ತು.

ಸಿರ್ಗಾ ಮಡಕೆ ಇಳಿಸಿ, ಕೊನೆಗೆ, ಚಹಾಕ್ಕೆ ಉಪ್ಪು ಹಾಕಿದಳು.
"ಸಪ್ಪೆಯಾಯಿತೇ ಅತ್ತೆ? ಇನ್ನೊಂದು ಚಿಟಿಕೆ?"
"ಬೇಡ," ಎಂದೆ. "ನಿನಗಾಯಿತೇ ನೋಡಿಕೊ."