ಸಪ್ಪೆ

ಕಾಗದಪತ್ರ ಏನೂ ಉಳಿದಿಲ್ಲ ಸ್ವಾಮಿ,
ಒಲೆಗೆ ಹಾಕಿಸಿದರು, ನನ್ನ ಕೈಯಿಂದಲೇ.
ಬ್ರಸೆಲ್ಸ್‌ವರೆಗೂ ಬಂದಿದ್ದೀರಿ ಅವರ ಚರಿತ್ರೆ ಬರೆಯಲು,
ಕೂತುಕೊಳ್ಳಿ. ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತದೆ.
ಎಂಟು ವರ್ಷ ಬೇಯಿಸಿ ಹಾಕಿದೆ ಮತುರಿನ್ ಗೆಲಾರ್ ಅವರಿಗೆ;
ನನಗೆ ಗೊತ್ತಿರುವುದು ಬಾಯಿರುಚಿ ಮಾತ್ರ.

ಉಪ್ಪು ಹಾಕಬೇಡ ಗೊಡೆಲೀವ್, ಎಂದರು ಮೊದಲ ದಿನವೇ.
ವೈದ್ಯರು ಹೇಳಿದರಾ ಎಂದೆ.
ಇಲ್ಲ, ಎಂದರು.
ಬಾಕಿ ಇದೆ, ಎಂದರು.

ತಾಯಿ ಉಪ್ಪು ಕದ್ದು ಸಾಗಿಸುತ್ತಿದ್ದಳಂತೆ.
ಹೊಳೆಯ ಆಚೆ ದಡದಲ್ಲಿ ಉಪ್ಪು ಮಣ್ಣಿನಷ್ಟು ಅಗ್ಗ,
ಈಚೆ ದಡದಲ್ಲಿ ರಾಜನ ಸುಂಕ ಸೇರಿ ಇಪ್ಪತ್ತು ಪಟ್ಟು.
ಲಂಗದ ಪದರಗಳೊಳಗೆ ಹೊಲಿದುಕೊಂಡು
ತುಂಬು ಬಸುರಿಯ ಹಾಗೆ ನಡೆದು ಬರುವಳು.
ಒಂದು ರಾತ್ರಿ ಹೊಳೆ ದಾಟುವಾಗ ಜಾರಿದಳು.
ಕರಗಿಹೋಯಿತು ಬಸಿರು
ಕಾವಲುಗಾರರ ಲಾಂದ್ರದ ಬೆಳಕಿನಲ್ಲೇ.
ಲಾವಾಲ್ ಪೇಟೆಯಲ್ಲಿ ಚಾವಟಿ.
ಗಾಯಕ್ಕೆ ಸವರಲು ಮನೆಯಲ್ಲಿ ಉಪ್ಪಿರಲಿಲ್ಲ,
ಅದೊಂದು ಪುಣ್ಯ, ಎಂದು ಅವಳೇ ನಗುತ್ತಿದ್ದಳಂತೆ.

ಹುಡುಗ ವಕೀಲನಾದ.
ಊರಿನ ದೂರು ಬರೆದು ಕಳಿಸಿ ಎಂದು ರಾಜನೇ ಕೇಳಿದ ವರ್ಷ
ಇವರು ಬರೆದರು, ಓದು ಬಾರದವರು ಶಿಲುಬೆ ಗೀಚಿದರು,
ನಲವತ್ತೊಂದು ಶಿಲುಬೆ.
ಸ್ಮಶಾನದ ಹಾಗೆ ಕಾಣುತ್ತಿತ್ತು ಆ ಹಾಳೆ, ಎನ್ನುವರು.
ಅದನ್ನು ಹಿಡಿದೇ ವರ್ಸೇಯ್‌ಗೆ ಹೋದದ್ದು.
ಸುಂಕ ಬಿದ್ದ ಸುದ್ದಿಗೆ ತಾಯಿ ಬೊಗಸೆ ಉಪ್ಪು ತಂದು
ಬೀದಿಗೆ ಎರಚಿದಳು;
ಕಾಳೆಂದು ಓಡಿಬಂದ ಕೋಳಿಗಳು
ಕುಕ್ಕಿ ತಲೆ ಕೊಡವಿ ಹೋದವು.
ಇದನ್ನು ಹೇಳುವಾಗ ಚಮಚದಿಂದ ಮೇಜು ಕುಟ್ಟುವರು,
ಸಭೆಯಲ್ಲೇ ಇದ್ದಂತೆ, ದನಿಯೆತ್ತಿ.

ರಾಜನ ತಲೆಯ ವಿಷಯ ತಾನೇ? ಎಲ್ಲರೂ ಕೇಳುತ್ತಾರೆ.
ರಾತ್ರಿಯಿಡೀ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಹೇಳಬೇಕಿತ್ತಂತೆ.
ಕೆಲವರು ಅರ್ಧ ಗಂಟೆ ಮಾತಾಡಿದರು.
ಇವರದು ಒಂದೇ ಪದ.
ಇಳಿದು ಬಂದು ಒಂದು ಕಿತ್ತಳೆ ಕೊಂಡೆ,
ಹುಳಿಯಿತ್ತು, ಎಂದರು.
ನಾನೂ ಕೆದಕಲಿಲ್ಲ.

ಆಮೇಲಿನ ವರ್ಷದ ಬಗ್ಗೆ ಬಾಯಿ ಬಿಟ್ಟವರಲ್ಲ.
ಫೆರೆಯೋಲ್ ಎಂಬ ಹೆಸರು ನಿದ್ದೆಯಲ್ಲಿ ಬರುತ್ತಿತ್ತು;
ಬೆಳಗ್ಗೆ ಕೇಳಿದರೆ,
ಯಾರವನು, ಎನ್ನುವರು.

ಚಕ್ರವರ್ತಿಯ ಕಾಲಕ್ಕೆ ಕಸೂತಿಯ ಕೋಟು, ಸಾರೋಟು.
ಯುದ್ಧಕ್ಕೆ ಹಣ ಬೇಕು.
ಒಂದು ಬೆಳಗ್ಗೆ ಮೇಜಿನ ಮೇಲೆ ಕಾಗದ: ಉಪ್ಪಿಗೆ ಸುಂಕ, ಮತ್ತೆ.
ಗರಿ ಹೊಸದಿತ್ತು ಗೊಡೆಲೀವ್,
ಒಂದು ಹನಿ ಶಾಯಿ ಚೆಲ್ಲಲಿಲ್ಲ.
ತಾಯಿ ಬದುಕಿದ್ದಳು. ಯಾರಿಂದಲೂ ಪತ್ರ ಬರೆಸಲಿಲ್ಲ.
ಒಂದು ಗಂಟು ಬಂತು:
ಅದೇ ಲಂಗ,
ಪದರಗಳ ಹೊಲಿಗೆ ಬಿಚ್ಚಿದ್ದು.

ಮತ್ತೆ ರಾಜರು ಬಂದರು, ಇವರನ್ನು ಗಡಿಯಾಚೆ ಅಟ್ಟಿದರು.
ಉಪ್ಪು ತಿಂದವನು ನೀರು ಕುಡಿಯಬೇಕು ಅಂತಾರಲ್ಲ,
ಇವರು ಬರಿ ನೀರನ್ನೇ ಕುಡಿಯುತ್ತ
ಈ ಕಿಟಕಿಯಲ್ಲಿ ಕೂತಿದ್ದರು, ದಕ್ಷಿಣಕ್ಕೆ ಮುಖ.

ಒಂದು ಮಾತು. ಬರೆದುಕೊಳ್ಳಬೇಡಿ.
ನಾನು ಹಾಕುತ್ತಿದ್ದೆ.
ದಿನಾ ಒಂದು ಚಿಟಿಕೆ, ಲಂಗದ ಜೇಬಿನಿಂದ,
ಅವರು ಅತ್ತ ತಿರುಗಿದಾಗ.
ಉಪ್ಪಿಲ್ಲದ್ದನ್ನು ಮನುಷ್ಯ ಎಷ್ಟು ದಿನ ತಿಂದಾನು?
ರೊಟ್ಟಿಯ ತುಂಡಿನಿಂದ ಬಟ್ಟಲು ಒರೆಸಿ ಒರೆಸಿ ತಿಂದು,
ಬಾಯಿ ಒರೆಸಿಕೊಂಡು,
ಸಪ್ಪೆ, ಎನ್ನುತ್ತಿದ್ದರು,
ಸಮಾಧಾನದಿಂದ.