ಎಷ್ಟು ಮಾರು

ಯಂತ್ರ ಸುತ್ತಿ ನಿಲ್ಲುವ ಮೊದಲೇ ಗೊತ್ತಿತ್ತು,
ನಳಿಗೆಯ ಮೇಲರ್ಧ ಅರಿಸಿನ ಕದಡಿದ ನೀರು.
ಬಿಲಿರುಬಿನ್ ಒಂಬತ್ತು. ಆಲ್ಬುಮಿನ್ ಎರಡೂ ಚಿಲ್ಲರೆ.
ಸೋಡಿಯಂ ನೂರಾ ಇಪ್ಪತ್ತಾರು.
ನಂಬದೆ ಮತ್ತೆ ಕರೆಸಿದೆ, ಇನ್ನೊಂದು ತೋಳಿಗೆ.

ಬೈತಖೋಲ ಬಂದರಿನ ಪುರ್ಸೊ ತಾಂಡೇಲ,
ಅಂಗಿ ಕೊಡವಿದರೆ ಉಪ್ಪುದುರುವ ಮನುಷ್ಯ,
ನೆತ್ತರು ಮಾತ್ರ ಸಪ್ಪೆ.
ಆದರೂ ಡಾಕ್ಟರು ಉಪ್ಪು ಬಿಡಿಸಿದ್ದಾರೆ, ಒಣಮೀನೂ.
ಇದನ್ನವನಿಗೆ ಹೇಗೆ ಬಿಡಿಸಿ ಹೇಳಲಿ,
ನನಗೇ ಪರೀಕ್ಷೆಗೆ ಓದುವಾಗ ತಲೆಗೆ ಹತ್ತಿರಲಿಲ್ಲ.

"ಎಲ್ಲ ಸೇರ್ಸಿ ಒಂದು ಅಂಕಿ ಬರ್ತದಂತಲ್ಲ ಬಾಯೇ, ಎಷ್ಟು?"
ಹೇಳಬಾರದು, ಅದು ನನ್ನ ಕೆಲಸವಲ್ಲ.
ಹೇಳಿದೆ: ಮೂವತ್ತೊಂದು.
"ಮಾರೇ?"
ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟವನಂತೆ
ಬೆರಳು ಬೆರಳಿಗೆ ಉಜ್ಜಿದ.
"ಅಷ್ಟು ಆಳಕ್ಕೆ ನಮ್ಮ ಲಂಗರು ನೆಲ ಕಾಣೂದಿಲ್ಲ.
ಎಂಜಿನ್ ಬಂದ್ ಮಾಡಿ, ದೋಣಿ ಹೋದಲ್ಲಿ ಹೋಗೂದು.
ಇಸೋಣ ಸಿಕ್ಕೂದೂ ಅಲ್ಲೇ, ಮತ್ತೆ."

ನಗಬೇಕೋ ಬೇಡವೋ ತಿಳಿಯಲಿಲ್ಲ.
ಸೂಜಿ ತೆಗೆದು ಎಂಟು ನಿಮಿಷ,
ಹತ್ತಿಯ ಮೇಲೆ ನನ್ನ ಹೆಬ್ಬೆರಳು.
ಎತ್ತಿದರೆ ಕೆಂಪು, ಒತ್ತಿದರೆ ಕೆಂಪು;
ಹೆಪ್ಪುಗಟ್ಟುವುದನ್ನೇ ಮರೆತ ರಕ್ತ.
ಹೊರಗೆ ಸಾಲಿನಲ್ಲಿ ಯಾರೋ ಗೊಣಗಿದರು.
"ಬಿಡ್ಬೇಡ ಬಾಯೇ," ಎಂದ,
"ಭರತ ಇಳೀಲಿ."